ಒಂದೇ ತೋಟ, ಬೇರೆ ಬೇರೆ ವರ್ಷ

ವೈನ್ ಹಳೆಯದಾದಷ್ಟೂ ರುಚಿ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಜೀವಮಾನದಲ್ಲಿ ಒಂದು ಗುಟುಕು ಕುಡಿಯದವರೂ ಹೇಳುತ್ತಾರೆ. ನಿಜವೋ ಸುಳ್ಳೋ ನೋಡಬೇಕು ಅಂದರೆ ಒಂದೇ ತೋಟದ ವೈನ್, ಬೇರೆ ಬೇರೆ ವರ್ಷದ್ದು, ಸಾಲಾಗಿ ಇಟ್ಟುಕೊಂಡು ರುಚಿ ನೋಡಬೇಕು. ಕಳೆದ ಚಳಿಗಾಲದಲ್ಲಿ ಆ ಯೋಗ ಕೂಡಿ ಬಂತು.

ನಾನಿರುವುದು ಫ್ರಾನ್ಸಿನ ಟೂಲೂಸ್‌ನಲ್ಲಿ. ವಿಮಾನದ ಕೆಲಸಕ್ಕೆ ಅಂತ ಬಂದ ಕನ್ನಡದವರು ಇಲ್ಲಿ ಅಲ್ಲಲ್ಲಿ ಸಿಗುತ್ತಾರೆ. ಅಂಥವರಲ್ಲಿ ಒಬ್ಬ, ದಾವಣಗೆರೆಯ ಗೆಳೆಯ, ಕಾರು ಓಡಿಸಿದ. ಎರಡೂವರೆ ಗಂಟೆ ದಾರಿ. ಬೋರ್ಡೊ ಹತ್ತಿರದ ಸ್ಯಾಂಟ್ ಎಮಿಲಿಯೋನ್ ಮೆರ್ಲೋ ದ್ರಾಕ್ಷಿಯ ಊರು. ನದಿಯ ಆಚೆ ಮೆಡಾಕ್ ಕಡೆ ಗರಸು ಮಣ್ಣು, ಅಲ್ಲಿ ಕ್ಯಾಬರ್ನೆ ಸೊವಿನ್ಯೋಂ ಅನ್ನುವ ದ್ರಾಕ್ಷಿ ಜಾಸ್ತಿ. ಈ ಕಡೆ ಸುಣ್ಣಕಲ್ಲು, ಜೇಡಿ ಮಣ್ಣು. ತಂಪು ಹಿಡಿದಿಡುವ ಜೇಡಿ ಮಣ್ಣು ಮೆರ್ಲೋಗೆ ಒಗ್ಗುತ್ತದೆ. ಪಕ್ಕದ ಊರು ಪೊಮರೋಲ್‌ನ ಹೆಸರಾಂತ ವೈನ್ ಪೆಟ್ರೂಸ್ ಕೂಡ ಮೆರ್ಲೋನೇ. ಅದರ ಬೆಲೆ ಕೇಳಿದರೆ ಊರಲ್ಲಿ ಸೈಟಿನ ಮಾತು ನೆನಪಾಗುತ್ತದೆ, ಬಿಡಿ.

ನಾವು ಹೋದದ್ದು ಸಣ್ಣ ಮನೆತನದ ತೋಟಕ್ಕೆ. ಬಳ್ಳಿಗಳನ್ನು ಆಗಷ್ಟೇ ಸವರಿದ್ದರು. ಯಜಮಾನರು ಬಾಟಲಿಗಳನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟಿದ್ದರು, ಅಡ್ಡ ಮಲಗಿದ್ದಾಗ ಪಕ್ಕಕ್ಕೆ ಕೂತ ಗಸಿ ಕೆಳಗಿಳಿಯಲಿ ಅಂತ. ಲೇಬಲ್ ಮೇಲೆ ಮೆರ್ಲೋ ಅಂತ ಎಲ್ಲೂ ಇರಲಿಲ್ಲ. ಊರು, ತೋಟ, ವರ್ಷ ಅಷ್ಟೇ. ಇದರಲ್ಲಿ ಬಹುಪಾಲು ಮೆರ್ಲೋ, ಮಿಕ್ಕಿದ್ದು ಕ್ಯಾಬರ್ನೆ ಫ್ರಾಂ ಅನ್ನುವ ಇನ್ನೊಂದು ದ್ರಾಕ್ಷಿ ಅಂತ ಅವರೇ ಹೇಳಿದರು. ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಉಗಿಯುವುದಕ್ಕೆ ಒಂದು ಡಬ್ಬ ಇಟ್ಟರು. ಗೆಳೆಯ ಕಾರು ಓಡಿಸಬೇಕಲ್ಲ, ಡಬ್ಬ ಅವನ ಪಕ್ಕ ಹೋಯಿತು.

ಮೊದಲು 2019. ಲೋಟ ಓರೆ ಮಾಡಿ ಕಾಗದದ ಮೇಲೆ ಹಿಡಿದರೆ ಅಂಚಿನವರೆಗೂ ಕಡು ನೇರಳೆ ಬಣ್ಣ. ಪ್ಲಮ್, ಕಪ್ಪು ಚೆರ್ರಿ, ಓಕ್ ಪೀಪಾಯಿಯಿಂದ ಬಂದ ವೆನಿಲಾ ವಾಸನೆ. ನುಂಗಿದ ಮೇಲೆ ನೇರಳೆ ಹಣ್ಣು ತಿಂದ ಹಾಗೆ ಒಸಡೆಲ್ಲ ಒಗರು. ದ್ರಾಕ್ಷಿ ಸಿಪ್ಪೆಯಿಂದ, ಬೀಜದಿಂದ ಬರುವ ಟ್ಯಾನಿನ್ ಅದು. ಮೆರ್ಲೋದಲ್ಲಿ ಇದು ಕ್ಯಾಬರ್ನೆಗಿಂತ ಮೆತ್ತಗೆ ಅನ್ನುತ್ತಾರೆ. ಮೆತ್ತಗಿದ್ದೇ ಇಷ್ಟಾದರೆ ಗಟ್ಟಿಯದು ಹೇಗಿರಬೇಡ! ಗೆಳೆಯನಿಗೆ ಮಾತ್ರ ಇದೇ ಹಿಡಿಸಿಬಿಟ್ಟಿತು.

2016 ಬಾಯೇ ಬಿಡಲಿಲ್ಲ. ಹಣ್ಣಿನ ವಾಸನೆ ಹಿಂದೆ ಸರಿದಿದೆ, ಬೇರೆ ಏನೂ ಇನ್ನೂ ಬಂದಿಲ್ಲ. ಒಳ್ಳೆ ವರ್ಷದ ವೈನ್ ನಡುವಯಸ್ಸಿನಲ್ಲಿ ಹೀಗೆ ಮುಚ್ಚಿಕೊಳ್ಳುವುದುಂಟಂತೆ. ವಾಸನೆ ನೋಡಿ ನಂಬರು ಕೊಡುವವರು ಮೋಸ ಹೋಗುವುದು ಇಲ್ಲೇ. ಯಜಮಾನರು ಹೇಳಿದ್ದು ಇಷ್ಟು: ವಾಸನೆ ಬಿಡಿ, ಹುಳಿ ಇದೆಯಾ ನೋಡಿ, ಒಗರು ಒರಟಾಗಿದೆಯೋ ನಯವಾಗಿದೆಯೋ ನೋಡಿ, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ಹಾಗೆ ನೋಡಿದಾಗ 2016ರಲ್ಲಿ ಮೂರೂ ಇದ್ದವು.

2013 ಕಣ್ಣಿಗೇ ಬೇರೆ ಕಂಡಿತು. ತೆಳು ಬಣ್ಣ, ಅಂಚಿನಲ್ಲಿ ಆಗಲೇ ಇಟ್ಟಿಗೆ ಕೆಂಪು. ಆ ವರ್ಷ ಬೋರ್ಡೊದಲ್ಲಿ ವಸಂತವೆಲ್ಲ ಚಳಿ, ಮಳೆ. ಹೂವು ಸರಿಯಾಗಿ ಕಟ್ಟಲಿಲ್ಲ. ಮೆರ್ಲೋ ಬೇಗ ಹೂಬಿಡುವ ತಳಿ, ಹಾಗಾಗಿ ಪೆಟ್ಟು ಜಾಸ್ತಿ. ಬಾಯಿಗೆ ಹಾಕಿದರೆ ಹುಳಿ ಮೊದಲು, ಆಮೇಲೆ ಏನೂ ಇಲ್ಲ. ಪಕ್ಕದ ಲೋಟದಲ್ಲಿದ್ದ 2005 ಅದಕ್ಕಿಂತ ಎಂಟು ವರ್ಷ ಹಿರಿಯದು, ಆದರೂ ಬಣ್ಣ ಅದಕ್ಕಿಂತ ಗಟ್ಟಿ. ಹಳೆಯದಾದಷ್ಟೂ ರುಚಿ ಅನ್ನುವ ಮಾತು ನನ್ನ ಮಟ್ಟಿಗೆ ಅಲ್ಲಿಗೆ ಬಿತ್ತು. ಕೈಲಿ ಬಂಡವಾಳ ಇಲ್ಲದ ವೈನ್ ಕಾದರೆ ಸುಮ್ನೆ ಮುದಿಯಾಗುತ್ತದೆ ಅಷ್ಟೇ. ಅಂಗಡಿಯ ಸಾಮಾನ್ಯ ವೈನುಗಳಲ್ಲಿ ಬಹುಪಾಲು ಕೊಂಡ ಒಂದೆರಡು ವರ್ಷದಲ್ಲೇ ಕುಡಿದು ಮುಗಿಸುವಂಥವು.

2005ರ ಮುಂದೆ ನಾನು ತುಂಬ ಹೊತ್ತು ಕೂತೆ. ಪ್ಲಮ್ ಇನ್ನೂ ಇತ್ತು, ಆದರೆ ಒಣಗಿದ ಪ್ಲಮ್. ಅದರ ಹಿಂದೆ ಹೊಸ ಚಪ್ಪಲಿಯ ಚರ್ಮ, ಹೊಗೆಸೊಪ್ಪು, ಸ್ವಲ್ಪ ಅಣಬೆ. ಒಗರು ಎಲ್ಲಿ ಹೋಯಿತು ಅಂತ ಹುಡುಕಬೇಕಾಯಿತು. ವರ್ಷ ಕಳೆದಂತೆ ಟ್ಯಾನಿನ್ನೂ ಬಣ್ಣವೂ ಒಂದಕ್ಕೊಂದು ಹೆಣೆದುಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತವೆ. ಯಜಮಾನರು ಬಗ್ಗಿಸುವಾಗ ಬಾಟಲಿಯ ಕತ್ತಿನ ಕೆಳಗೆ ಮೇಣದ ಬತ್ತಿ ಹಿಡಿದಿದ್ದರು. ಕಪ್ಪು ಗಸಿಯ ಎಳೆ ಕತ್ತಿಗೆ ಬಂದ ತಕ್ಷಣ ಕೈ ನಿಲ್ಲಿಸಿದರು. ತಳದಲ್ಲಿ ಎರಡು ಬೆರಳಷ್ಟು ಉಳಿಯಿತು. ಅದನ್ನೂ ಕೇಳೋಣ ಅನ್ನಿಸಿತು, ಮರ್ಯಾದೆಗೆ ಸುಮ್ಮನಿದ್ದೆ.

ಕೊನೆಯದು 1998. ಆ ವರ್ಷ ಶರತ್ಕಾಲದ ಮಳೆ ಬರುವ ಮೊದಲೇ ಈ ದಡದ ಮೆರ್ಲೋ ಕೊಯ್ದಾಗಿತ್ತು. ಆಚೆ ದಡದ ಕ್ಯಾಬರ್ನೆ ಇನ್ನೂ ಬಳ್ಳಿಯಲ್ಲೇ ಇತ್ತು. ಹಾಗಾಗಿ ಇಲ್ಲಿಯವರಿಗೆ ಅದು ಹೆಮ್ಮೆಯ ವರ್ಷ. ಆದರೆ ತೆಗೆದ ಬಾಟಲಿ ಒದ್ದೆ ರಟ್ಟಿನ ವಾಸನೆ ಹೊಡೆಯಿತು. ಬಿರಡೆ ಕೆಟ್ಟಿತ್ತು. ಅವರು ಮುಖ ಕೂಡ ಗಂಟಿಕ್ಕದೆ ಸಿಂಕಿಗೆ ಸುರಿದು ಇನ್ನೊಂದು ತಂದರು. ಅದು ಬೇರೆಯೇ ಲೋಕ. ಬಣ್ಣ ಅಂಚಿನಲ್ಲಿ ಕಿತ್ತಳೆ. ಮಳೆ ನಿಂತ ಮೇಲೆ ತೋಟದ ದರಗಿನ ವಾಸನೆ. ಹಣ್ಣು ಅಂತ ಏನೂ ಉಳಿದಿಲ್ಲ, ಸಿಹಿ ಮಾತ್ರ ಎಲ್ಲೋ ಇದೆ. ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿದರೆ ಅರ್ಧಕ್ಕರ್ಧ ಹೋಗಿತ್ತು. ಅದೇ ಹೊತ್ತಿಗೆ 2005 ಇನ್ನೂ ಅರಳುತ್ತಿತ್ತು. ಹಳೆಯ ವೈನ್ ಅಂದರೆ ಗಂಟೆಗಟ್ಟಲೆ ಡಿಕ್ಯಾಂಟರ್‌ನಲ್ಲಿ, ಅಂದರೆ ಗಾಳಿಯಾಡುವ ಗಾಜಿನ ಹೂಜಿಯಲ್ಲಿ, ಬಿಡಬೇಕು ಅನ್ನುವವರು ಇದನ್ನೊಮ್ಮೆ ನೋಡಬೇಕಿತ್ತು.

ನನ್ನ ಲೆಕ್ಕದಲ್ಲಿ 2005 ಮೊದಲು, 2016 ಎರಡನೆಯದು. 1998 ಮೂರನೆಯದು, ಅದೂ ಬಗ್ಗಿಸಿದ ಮೊದಲ ಹತ್ತು ನಿಮಿಷಕ್ಕೆ. ಗೆಳೆಯ ಒಪ್ಪಲಿಲ್ಲ. "ಏನೋ ಮಾರಾಯ, ಎಲೆ, ಚಪ್ಪಲಿ ಅಂತೀಯ. ನಂಗೆ ಹಣ್ಣಿನ ರುಚಿ ಬೇಕಪ್ಪ" ಅಂದ. ಅನುವಾದಿಸಿ ಹೇಳಿದಾಗ ಯಜಮಾನರು ನಕ್ಕು, ಗಿರಾಕಿಗಳಲ್ಲಿ ಹೆಚ್ಚಿನವರದೂ ಇದೇ ಮಾತು ಅಂದರು.

2005 ಮಾರಾಟಕ್ಕಿರಲಿಲ್ಲ. ನಾನು 2016 ತಂದೆ. ತಣ್ಣಗೆ, ಕತ್ತಲಲ್ಲಿ, ಅಡ್ಡ ಮಲಗಿಸಿ ಇಡಿ, ಹನ್ನೆರಡರಿಂದ ಹದಿನಾಲ್ಕು ಡಿಗ್ರಿ ಇದ್ದರೆ ಸಾಕು ಅಂದಿದ್ದರು. ಟೂಲೂಸಿನ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಅದು ಆಗದ ಮಾತು. ಕಟ್ಟಡದ ನೆಲಮಾಳಿಗೆಯಲ್ಲಿ ಸೈಕಲ್ ಪಕ್ಕ ಜಾಗ ಮಾಡಿದ್ದೇನೆ. ಗೆಳೆಯ ತಂದ 2019 ಆ ಭಾನುವಾರವೇ ಖಾಲಿ. ಮಟನ್ ಸಾರಿನ ಜೊತೆ ಬೊಂಬಾಟಾಗಿತ್ತಂತೆ.