ಹಕ್ಕಲು ಬಿಟ್ಟ ಹೊಲ

ನಮ್ಮ ಆಯಿ, ಅಂದರೆ ಅಜ್ಜಿ, ಹುಡುಗಿಯಾಗಿದ್ದಾಗ ಗದಗಿನ ಕಡೆಯ ಎರೆಹೊಲಗಳಲ್ಲಿ ಶೇಂಗಾ ಹಕ್ಕಲು ಆರಿಸುತ್ತಿದ್ದಳು. ಹೊಲದವರು ಬಳ್ಳಿ ಕಿತ್ತು ಕಾಯಿ ಬಿಡಿಸಿಕೊಂಡು ಹೋದ ಮೇಲೂ ಮಣ್ಣಿನೊಳಗೆ ಅಲ್ಲಿಷ್ಟು ಇಲ್ಲಿಷ್ಟು ಕಾಯಿ ಉಳಿದಿರುತ್ತವೆ. ಹೆಂಗಸರು, ಮಕ್ಕಳು ಕುಕ್ಕರಗಾಲಲ್ಲಿ ಕೂತು, ಕಟ್ಟಿಗೆ ತುಂಡಿನಿಂದ ಕೆದರಿ ಅವನ್ನು ಉಡಿಗೆ ಹಾಕಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಬೆರಳ ತುದಿ ಉರಿಯುತ್ತಿರುತ್ತದೆ, ಉಡಿಯಲ್ಲಿ ಒಂದೆರಡು ಸೇರು ಕಾಯಿ ಇರುತ್ತವೆ. ಆಯಿಯ ತವರಿನವರಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ.

ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ರೂತಳೆಂಬ ಪರದೇಶಿ ವಿಧವೆ ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದು ಬೋವಜನೆಂಬವನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಆಯಿ ಆ ಕಥೆ ಹೇಳುವಾಗ ಬೇತ್ಲೆಹೇಮ್ ನಮ್ಮೂರ ಪಕ್ಕದ ಹಳ್ಳಿಯೇ ಆಗುತ್ತಿತ್ತು. ರೂತಳು ಬಗ್ಗಿದಾಗ ಸೊಂಟ ನೋಯುತ್ತಿತ್ತು, ಹಿಂದೆ ಬರುವ ಆಳುಗಳು ಏನೆನ್ನುತ್ತಾರೋ ಎಂಬ ಅಂಜಿಕೆ ಇತ್ತು. ಕಥೆಯ ನಡುವೆ ಆಯಿ ಒಂದು ಮಾತು ತಪ್ಪದೆ ಹೇಳುತ್ತಿದ್ದಳು: “ಹಕ್ಕಲಾ ಆರಸಾಕ ಹ್ವಾದಾಕಿಗೆ ಗೊತ್ತಾಗತೈತಿ ನೋಡವ್ವಾ, ಹೊಲದಾಂವನ ಮನಸು ಎಷ್ಟು ದೊಡ್ಡದೈತಿ ಅಂತ. ಅಂವನ್ನ ಮಾತಾಡ್ಸೂದs ಬ್ಯಾಡ, ನೆಲಾ ನೋಡಿದ್ರ ಸಾಕು.” ಕೆಲವರು ಹಕ್ಕಲಿಗೆ ಜನರನ್ನು ಬಿಡುವ ಮೊದಲು ಇನ್ನೊಂದು ಸಲ ಕುಂಟೆ ಹೊಡೆಸಿ ಎಲ್ಲವನ್ನೂ ಬಾಚಿಕೊಳ್ಳುತ್ತಿದ್ದರಂತೆ. ಅಂಥ ಹೊಲಕ್ಕೆ ಆಕೆ ಕಾಲಿಡುತ್ತಿರಲಿಲ್ಲ.

ಹಕ್ಕಲು ಎಂಬ ಮಾತು ನಮ್ಮ ಸತ್ಯವೇದದಲ್ಲೂ ಹಾಗೆಯೇ ಇದೆ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂತು, ಆಮೇಲೆ ಎಷ್ಟೋ ಪಂಡಿತರ ಕೈಯಲ್ಲಿ ತಿದ್ದುಪಡಿ ಕಂಡಿತು. ಈ ಒಂದು ಪದಕ್ಕೆ ಮಾತ್ರ ಅವರಾರೂ ಹೊಸ ಶಬ್ದ ಕಟ್ಟಬೇಕಾಗಿರಲಿಲ್ಲ. ಬೇತ್ಲೆಹೇಮಿನ ಬಡವಿ ಮಾಡಿದ ಕೆಲಸವನ್ನೇ ನಮ್ಮ ಬಡವರೂ ಮಾಡುತ್ತಿದ್ದರು, ಅದಕ್ಕೊಂದು ಹೆಸರೂ ಇಟ್ಟಿದ್ದರು.

ನಾನು ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಮ್ಮ ಭಾಗದ ಕ್ರೈಸ್ತ ಸಭೆಗಳಿಗೆ ಹಳೆಯ ಬೇರುಗಳಿವೆ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಸುಗ್ಗಿ ಮುಗಿದ ಮೇಲೆ ಬರುವ ಬೆಳೆಹಬ್ಬ ಇಲ್ಲಿ ಕ್ರಿಸ್‌ಮಸ್ಸಿನಷ್ಟೇ ಸಡಗರದ ದಿನ. ದೇವಾಲಯದ ಬಾಗಿಲಿಗೆ ಕಬ್ಬಿನ ಜಲ್ಲೆ, ಬಾಳೆಕಂದು ಕಟ್ಟುತ್ತಾರೆ. ವೇದಿಯ ಮುಂದೆ ಜೋಳದ ತೆನೆ, ಕುಂಬಳಕಾಯಿ, ಬಾಳೆಗೊನೆ, ಮೊಟ್ಟೆ, ಬೆಲ್ಲದ ಪೆಂಟೆ, ಕಾಲು ಕಟ್ಟಿದ ಕೋಳಿ. ಪ್ರಾರ್ಥನೆಯ ನಡುವೆ ಕೋಳಿ ಕೂಗಿದರೆ ಮಕ್ಕಳಿಗೆ ನಗು ತಡೆಯುವುದಿಲ್ಲ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ಒಂದು ತೆಂಗಿನಕಾಯಿಯನ್ನು ಒಬ್ಬರು ಕೂಗಿ ಹಿಡಿದು ಮತ್ತೆ ದೇವರಿಗೇ ಕೊಡುತ್ತಾರೆ, ಅದು ಮತ್ತೆ ಲಿಲಾವಿಗೆ ಬರುತ್ತದೆ. ಹಾಗೆ ಒಂದೇ ಕಾಯಿ ನಾಲ್ಕು ಕೈ ದಾಟಿದ್ದನ್ನು ನಾನು ಕಂಡಿದ್ದೇನೆ. ಆ ಗದ್ದಲ ನನಗೆ ತುಂಬ ಪ್ರೀತಿ.

ಕಳೆದ ಬೆಳೆಹಬ್ಬದ ದಿನ ಸಭೆಯ ಪಾದ್ರಿ ಅಯ್ಯನವರು ಸತ್ಯವೇದದ ಯಾಜಕಕಾಂಡ 23ನೇ ಅಧ್ಯಾಯ ಓದಿದರು. ಆ ಅಧ್ಯಾಯ ಪೂರ್ತಿ ಹಬ್ಬಗಳದ್ದು: ಪಸ್ಕ, ಪ್ರಥಮಫಲದ ಸಿವುಡು (ತೆನೆಕಟ್ಟು), ಐವತ್ತನೆಯ ದಿನದ ಹಬ್ಬ, ತುತೂರಿ ಊದುವ ದಿನ, ಪರ್ಣಶಾಲೆಗಳ ಹಬ್ಬ. ಯಾವ ದಿನ ಎಷ್ಟು ಕುರಿಮರಿ, ಎಷ್ಟು ಹಿಟ್ಟು, ಎಷ್ಟು ಎಣ್ಣೆ ಎಂಬ ಲೆಕ್ಕ. ಐವತ್ತನೆಯ ದಿನಕ್ಕೆ ಏಳು ಕುರಿಮರಿ, ಒಂದು ಹೋರಿ, ಎರಡು ಟಗರು ಎಂದೆಲ್ಲ ಹೇಳಿ ಮುಗಿಸಿದ ಕೂಡಲೇ 22ನೇ ವಚನ ಬರುತ್ತದೆ: ಬೆಳೆ ಕೊಯ್ಯುವಾಗ ಹೊಲದ ಮೂಲೆಯವರೆಗೆ ಪೂರ್ತಿ ಕೊಯ್ಯಬೇಡಿ, ಹಕ್ಕಲಾಯಬೇಡಿ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ, ನಾನು ನಿಮ್ಮ ದೇವರಾದ ಯೆಹೋವನು. ಅದಾದ ಮೇಲೆ ಮತ್ತೆ ಹಬ್ಬದ ಲೆಕ್ಕ ಮುಂದುವರಿಯುತ್ತದೆ. ದೇವಾಲಯದ ವಿಧಿಗಳ ನಡುವೆ ಹೊಲದ ಬದುವಿನ ಮಾತು ಯಾಕೆ ಬಂತು ಎಂದು ನಾನು ಮೊದಲು ಎಂದೂ ಕೇಳಿಕೊಂಡಿರಲಿಲ್ಲ. ವೇದಿಯ ಮುಂದೆ ಇಟ್ಟದ್ದೂ ಬದುವಿನಲ್ಲಿ ಬಿಟ್ಟದ್ದೂ ದೇವರ ಲೆಕ್ಕದಲ್ಲಿ ಒಂದೇ ಹಬ್ಬದ ಕಾಣಿಕೆ ಎಂದು ಅಂದು ನನಗೆ ಹೊಳೆಯಿತು.

ಅದರ ಜೊತೆಗೇ ಇನ್ನೊಂದು ವಿಚಾರವೂ ಬಂತು, ಅದು ಎದೆಗೆ ಚುಚ್ಚಿತು. ಇಷ್ಟು ವರ್ಷ ಈ ವಚನವನ್ನು ನಾನು ಆಯಿಯ ಪಕ್ಕ ಕೂತು ಓದಿದ್ದೆ. ಹಕ್ಕಲಾಯುವವರ ಮನೆಯ ಮೊಮ್ಮಗಳು ನಾನು, ನನ್ನ ದೇವರು ಬಡವರ ಪರ ನಿಲ್ಲುವವನು ಎಂದು ಕಣ್ಣು ತುಂಬಿಕೊಳ್ಳುತ್ತಿದ್ದೆ. ಆದರೆ ಈಗ ತಿಂಗಳ ಕೊನೆಗೆ ಸಂಬಳ ಬರುವ ಮನೆ ನಮ್ಮದು. ಪಾತ್ರೆ ತಿಕ್ಕಲು, ನೆಲ ಒರೆಸಲು ಒಬ್ಬಾಕೆ ಬರುತ್ತಾಳೆ. ವಚನ ಬರೆದದ್ದು ಹಕ್ಕಲಾಯುವವಳಿಗಲ್ಲ, ಹೊಲದವರಿಗೆ. ಆ ಹೊಲದವಳು ಈಗ ನಾನೇ. ಬಂದು ನೋಡಿದರೆ ನನ್ನ ನೆಲ ಹೇಗೆ ಕಂಡೀತು?

ಅವತ್ತು ಒಂದು ಹರಕೆ ಹೊತ್ತೆ. ಮುಂದಿನ ಬೆಳೆಹಬ್ಬದವರೆಗೆ ಒಂದು ವರ್ಷ, ನನಗಿರುವ ಹೊಲ ಯಾವುದೋ ಅದರ ಅಂಚು ಕೊಯ್ಯುವುದಿಲ್ಲ ಎಂದು.

ಎಷ್ಟು ಬಿಡಬೇಕು ಎಂದು ಮೋಶೆಯ ಧರ್ಮಶಾಸ್ತ್ರ ಅಳತೆ ಹೇಳುವುದಿಲ್ಲ. ಮುಂದೆ ಯೆಹೂದ್ಯ ಗುರುಗಳು ತಮ್ಮ ಮಿಷ್ನಾ ಎಂಬ ಧರ್ಮಗ್ರಂಥದಲ್ಲಿ 60ರಲ್ಲಿ ಒಂದು ಪಾಲಿಗಿಂತ ಕಡಿಮೆ ಬಿಡಬಾರದು ಎಂದು ಗೆರೆ ಎಳೆದರು. ಹೊಲದ ಅಗಲ, ಬಡವರ ಸಂಖ್ಯೆ, ಬೆಳೆಯ ಸಮೃದ್ಧಿ ನೋಡಿ ಹೆಚ್ಚು ಬಿಡಬೇಕು ಎಂದೂ ಹೇಳಿದರು. ಹತ್ತರಲ್ಲೊಂದು ಪಾಲು ಕೊಡುವ ದಶಮಾಂಶಕ್ಕೆ ಹೋಲಿಸಿದರೆ ಇದು ಬಹಳ ಸಣ್ಣದು. 30,000 ರೂಪಾಯಿಗೆ 500. ಲೆಕ್ಕ ಹಾಕಿ, ಇಷ್ಟೇ ತಾನೆ ಎಂದುಕೊಂಡೆ.

ಮೊದಲ ತಿಂಗಳಲ್ಲೇ ಎಡವಿದೆ. ಅಂಚು ಬಿಡುವುದೆಂದರೆ ಉಳಿದದ್ದು ಕೊಡುವುದು ಎಂದು ತಿಳಿದಿದ್ದೆ. ರಾತ್ರಿಯ ಪಲ್ಯ, ನಿನ್ನೆಯ ಚಪಾತಿ, ಬಣ್ಣ ಹೋದ ಸೀರೆ ಎಲ್ಲ ಪಾತ್ರೆ ತಿಕ್ಕುವಾಕೆಗೆ ಕಟ್ಟಿಕೊಡುತ್ತಿದ್ದೆ. ಒಂದು ಬೆಳಿಗ್ಗೆ ಆಕೆ ಪೊಟ್ಟಣ ಕಟ್ಟೆಯ ಮೇಲೆಯೇ ಇಟ್ಟು, “ಬ್ಯಾಡ್ರಿ ಅಕ್ಕಾರ, ನಮ್ಮ ಮನ್ಯಾಗೂ ನಿನ್ನಿದು ಉಳದೈತ್ರಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ. ಹೊಲದ ಮೂಲೆಯಲ್ಲಿ ಬೆಳೆಯುವ ತೆನೆ ನಡುವಿನ ತೆನೆಯಷ್ಟೇ ಗಟ್ಟಿ ಕಾಳು ಕಟ್ಟಿರುತ್ತದೆ. ಬೋವಜನಂತೂ ಆಳುಗಳಿಗೆ ಸಿವುಡಿನಿಂದಲೇ ತೆನೆ ಹಿರಿದು, ಬೇಕೆಂದೇ ಬೀಳಿಸಿ, ರೂತಳನ್ನು ಗದರಿಸಬೇಡಿ ಎಂದು ಹೇಳಿದ್ದ. ನಾನು ಬಿಟ್ಟದ್ದು ಹೊಟ್ಟು.

ರೂತಳ ಎರಡನೇ ಅಧ್ಯಾಯವನ್ನು ಆಮೇಲೆ ಎಷ್ಟು ಸಲ ಓದಿದೆನೋ. ಪ್ರತಿ ಸಲವೂ ಹಿಂದೆ ಕಾಣದ್ದು ಕಾಣುತ್ತಿತ್ತು. ಬೋವಜ ಅವಳ ಕೈಗೆ ಧಾನ್ಯದ ಮೂಟೆ ಕೊಟ್ಟು ಮನೆಗೆ ಕಳಿಸಬಹುದಿತ್ತು, ಅವನಿಗೆ ಅದೇನು ದೊಡ್ಡದಾಗಿರಲಿಲ್ಲ. ಹಾಗೆ ಮಾಡದೆ ಅವಳು ತನ್ನ ಕೈಯಿಂದ ಆರಿಸಲು ಬಿಟ್ಟ. ಸಂಜೆ ಅವಳು ತಾನೇ ಬಡಿದು ತೆಗೆದ ಜವೆಗೋದಿ ಆ ಕಾಲದ ಧಾನ್ಯದ ಅಳತೆಯಲ್ಲಿ ಸುಮಾರು ಒಂದು ಏಫದಷ್ಟಾಯಿತು. ಹೊತ್ತುಕೊಂಡು ಊರೊಳಗೆ ಹೋದಾಗ ಅದು ಯಾರೋ ಹಾಕಿದ ಭಿಕ್ಷೆಯಾಗಿರಲಿಲ್ಲ, ಅವಳ ದುಡಿಮೆಯಾಗಿತ್ತು. ಹಕ್ಕಲಾಯುವವರು ಯಾರ ಬಾಗಿಲಿಗೂ ಬಂದು ಕೈ ಚಾಚುವುದಿಲ್ಲ, ಯಾರ ಮುಖ ನೋಡಿಯೂ ಉಪಕಾರವಾಯಿತು ಎನ್ನಬೇಕಿಲ್ಲ. ಅದು ಅವರಿಗೆ ಹಕ್ಕಿನಿಂದ ಬಂದದ್ದು, ಕೊಟ್ಟವನು ದೇವರು. ಆಯಿ ಹಕ್ಕಲಿನ ಶೇಂಗಾ ಬಗ್ಗೆ ಹೇಳುವಾಗ ಅವಳ ದನಿಯಲ್ಲಿ ನಾಚಿಕೆ ಯಾಕೆ ಇರುತ್ತಿರಲಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

ಹಾಗಾದರೆ ಪಾತ್ರೆ ತಿಕ್ಕುವಾಕೆಗೆ ನನ್ನ ಹೊಲದ ಅಂಚು ಯಾವುದು? ಪ್ರಾರ್ಥಿಸಿದೆ. ಉತ್ತರ ಬಹಳ ಸಾದಾ ರೂಪದಲ್ಲಿ ಬಂತು: ಆಕೆ ಕೇಳಬೇಕಾಗಿ ಬರುವುದೆಲ್ಲ. ರಜೆ ಬೇಕಾದರೆ ಆಕೆ ಮೂರು ದಿನ ಮೊದಲಿನಿಂದ ನನ್ನ ಮುಖದ ಮೇಲಿನ ಕಳೆ ನೋಡಿ ಕೇಳುತ್ತಿದ್ದಳು. ಬಾರದಿದ್ದ ದಿನದ ದುಡ್ಡನ್ನು ನಾನು ಕೆಲವು ಸಲ ಕಡಿದೂ ಇದ್ದೆ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಈಗ ತಿಂಗಳಿಗೆ ನಾಲ್ಕು ರಜೆ ಆಕೆಯವು. ಯಾವ ದಿನ, ಯಾಕೆ ಎಂದು ನನಗೆ ಹೇಳಬೇಕಿಲ್ಲ. ಪಗಾರ ಒಂದನೇ ತಾರೀಖು ಕತ್ತಲಾಗುವ ಮೊದಲು. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಎಂದು ಯಾಜಕಕಾಂಡ 19ರಲ್ಲಿ ಇದೆ, ಆ ಅಧ್ಯಾಯದಲ್ಲೂ ಬರುವ ಹಕ್ಕಲಿನ ವಚನದಿಂದ ನಾಲ್ಕೇ ವಚನ ಕೆಳಗೆ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ಯೇಸುಸ್ವಾಮಿ ಎತ್ತಿ ಹೇಳಿದ ಮಾತೂ ಅದೇ ಅಧ್ಯಾಯದ್ದು, 18ನೇ ವಚನ. ಪ್ರೀತಿಸು ಎಂಬುದನ್ನು ನಾನು ಚಿಕ್ಕಂದಿನಿಂದ ಬಾಯಿಪಾಠ ಹೇಳುತ್ತ ಬಂದಿದ್ದೇನೆ. ಆ ಪ್ರೀತಿಗೆ ಹೋಗುವ ದಾರಿ ಹೊಲದ ಬದುವಿನಿಂದ ಹೊರಟು, ಕೂಲಿಯ ಲೆಕ್ಕ ದಾಟಿ ಬರುತ್ತದೆ ಎಂದು ಅಧ್ಯಾಯವನ್ನು ಮೊದಲಿನಿಂದ ಓದಿದಾಗಲೇ ಕಂಡದ್ದು.

ಇದು ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ನೆಂಟರು ಬಂದ ದಿನವೇ ಆಕೆ ಬಾರದೆ ಇದ್ದಾಗ ಸಿಂಕಿನ ತುಂಬ ಇದ್ದ ಪಾತ್ರೆ ನೋಡಿ ನನ್ನ ಹರಕೆಯ ಮೇಲೆಯೇ ಕೋಪ ಬಂದಿತ್ತು. ಧರ್ಮೋಪದೇಶಕಾಂಡ 24ರಲ್ಲಿ, ಹೊಲದಲ್ಲಿ ಮರೆತು ಬಂದ ಸಿವುಡನ್ನು ತರಲು ಹಿಂದಕ್ಕೆ ಹೋಗಬೇಡ ಎಂದಿದೆ. ಬಿಟ್ಟದ್ದು ನೆನಪಾಗುತ್ತದೆ, ಕಾಲು ಆ ಕಡೆ ಎಳೆಯುತ್ತದೆ, ಆದರೂ ಹೋಗಬಾರದು. ಬಿಡುವುದಕ್ಕಿಂತ ಹಿಂದಿರುಗದೆ ಇರುವುದೇ ಕಷ್ಟ. ಅದೇ ಅಧ್ಯಾಯದ ಕೊನೆಯಲ್ಲಿ, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ ಎಂಬುದನ್ನು ನೆನಪಿಸಿಕೋ ಎಂಬ ಮಾತು ಬರುತ್ತದೆ. ಕೈಯಲ್ಲಿ ಸೋಪಿನ ನೊರೆ ಇಟ್ಟುಕೊಂಡು ನಾನು ಆಯಿಯ ಬೆರಳ ತುದಿಗಳನ್ನು ನೆನೆದೆ.

ಆಯಿಗೆ ಪ್ರಿಯವಾದ ಒಂದು ಸಣ್ಣ ಸಂಗತಿಯನ್ನೂ ಹೇಳಬೇಕು. ಊಟದ ಹೊತ್ತಿಗೆ ಬೋವಜ ರೂತಳನ್ನು ಕೊಯ್ಯುವವರ ಪಕ್ಕ ಕೂರಿಸಿ ಹುರಿದ ತೆನೆ ಕೊಟ್ಟ. ಅವಳು ಹೊಟ್ಟೆ ತುಂಬ ತಿಂದು ಸ್ವಲ್ಪ ಉಳಿಸಿದಳು. ಮನೆಗೆ ಬಂದು ಅದನ್ನು ಅತ್ತೆ ನೊವೊಮಿಗೆ ಕೊಟ್ಟಳು. ಹಕ್ಕಲಾಯುವವಳೂ ತನ್ನ ತುತ್ತಿನ ಅಂಚು ಬಿಟ್ಟಿದ್ದಳು. ಇಲ್ಲಿಗೆ ಬಂದಾಗ ಆಯಿ ಪ್ರತಿ ಸಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮುಂದೆ ಆ ಹೊಲದವನಿಗೂ ಆ ಪರದೇಶಿ ಹೆಣ್ಣಿಗೂ ಓಬೇದ ಹುಟ್ಟಿದ, ಓಬೇದನ ಮಗ ಇಷಯ, ಇಷಯನ ಮಗ ದಾವೀದ. ಮತ್ತಾಯನು ಯೇಸುಸ್ವಾಮಿಯ ವಂಶಾವಳಿ ಬರೆಯುವಾಗ ರೂತಳ ಹೆಸರನ್ನು ಬಿಡದೆ ಬರೆದ. ಅಂದು ಆ ಮೂಲೆಯನ್ನು ಕೊಯ್ದುಬಿಟ್ಟಿದ್ದರೆ, ಎಂದು ಆಯಿ ಕೇಳಿ ಸುಮ್ಮನಾಗುತ್ತಿದ್ದಳು.

ಮೊನ್ನೆ ಮತ್ತೆ ಬೆಳೆಹಬ್ಬ ಬಂತು. ನಿಜವಾದ ಮಣ್ಣಿನಲ್ಲಿ ನಮ್ಮದೆನ್ನುವ ಬೆಳೆ ಇರುವುದು ಒಂದೇ, ಹಿತ್ತಲ ನುಗ್ಗೆಮರ. ಅದರ ಒಂದು ಕೊಂಬೆ ಕಾಂಪೌಂಡು ದಾಟಿ ರಸ್ತೆಯ ಮೇಲೆ ಬಾಗಿದೆ. ಹಿಂದಿನ ವರ್ಷ ಅದನ್ನು ಕಡಿಸಬೇಕೆಂದು ನಮ್ಮವರಿಗೆ ಹೇಳಿದ್ದೆ, ಹರಕೆ ಹೊತ್ತ ಮೇಲೆ ಬೇಡವೆಂದೆ. ಭಾನುವಾರ ಬೆಳಗಿನ ಜಾವ ಕಾಣಿಕೆಗೆಂದು ಕೊಕ್ಕೆ ಹಿಡಿದು ಹೋದಾಗ ಹೊರಗಿನ ಕೊಂಬೆಯಲ್ಲಿ ಒಂದೂ ಕಾಯಿ ಇರಲಿಲ್ಲ. ಕೆಳಗೆ ರಸ್ತೆಯಲ್ಲಿ ಮುರಿದ ಎಲೆಕಡ್ಡಿಗಳು ಬಿದ್ದಿದ್ದವು, ಇನ್ನೂ ಬಾಡಿರಲಿಲ್ಲ. ಒಳಗಿನ ಕೊಂಬೆಯಿಂದ ಹನ್ನೊಂದು ಕಾಯಿ ಇಳಿಸಿ, ದಾರ ಸುತ್ತಿ, ಸೆರಗಿನಲ್ಲಿ ಇಟ್ಟುಕೊಂಡು ದೇವಾಲಯಕ್ಕೆ ನಡೆದೆ.