ಸ್ಪೀಕರಿನಲ್ಲಿ ಕೇಳಿಸದ ಒಂದನೆಯ ತಂತಿ

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದು ವಾದ್ಯ ರಿಪೇರಿಯ ಅಂಗಡಿ. ಹೆಚ್ಚಿನ ಕೆಲಸ ಭಜನಾ ಮಂದಿರಗಳ ಹಾರ್ಮೋನಿಯಂನದ್ದು: ಗಾಳಿ ಸೋರುವ ತಿದಿ, ಶ್ರುತಿ ತಪ್ಪಿದ ರೀಡು, ಇಲಿ ಕಡಿದ ಬಟ್ಟೆ. ಗಿಟಾರು ಬರುವುದು ಇಗರ್ಜಿಯ ಗಾಯನ ತಂಡಗಳಿಂದ ಮತ್ತು ಕಾಲೇಜಿನ ಹುಡುಗರಿಂದ. ಮೂರು ವರ್ಷಗಳ ಹಿಂದೆ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ಬೇಳದ ಕಡೆಯ ನಿವೃತ್ತ ಮಾಸ್ತರರೊಬ್ಬರು ಪ್ಲಾಸ್ಟಿಕ್ ಹೊದಿಸಿದ ಗಿಟಾರೊಂದನ್ನು ತಂದರು. ಅವರ ಅಣ್ಣ ಮುಂಬೈಯಲ್ಲಿ ಕೆಲಸಕ್ಕಿದ್ದಾಗ ಕೊಂಡದ್ದು, ವಯಸ್ಸು 50ಕ್ಕೆ ಹತ್ತಿರ. ಅಣ್ಣ ತೀರಿಹೋಗಿದ್ದಾರೆ, ಗಿಟಾರು ಉಳಿದಿದೆ.

“ಬಲಿಪೂಜೆಯ ಹೊತ್ತಿಗೆ ಮೈಕನ್ನು ಹತ್ತಿರ ಇಟ್ಟರೆ ಕೂಗುತ್ತದೆ, ದೂರ ಇಟ್ಟರೆ ಕೇಳಿಸುವುದಿಲ್ಲ. ಒಂದು ವಯರು ಚುಚ್ಚುವ ಹಾಗೆ ಮಾಡಿ ಕೊಡಿ” ಎಂದರು.

ಇದು ಸಣ್ಣ ಕೆಲಸ ಎಂದು ನಾನು ತಿಳಿದೆ. ತಂತಿಗಳು ಆತು ನಿಲ್ಲುವ ಸಣ್ಣ ಬಿಳಿ ತುಂಡಿಗೆ ಸ್ಯಾಡಲ್ ಎನ್ನುತ್ತೇವೆ. ಅದರ ಅಡಿಯಲ್ಲಿ ಪಿಯೆಜೊ ಪಟ್ಟಿ, ಅಂದರೆ ಕಂಪನವನ್ನು ವಿದ್ಯುತ್ತಾಗಿಸುವ ಒಂದು ಬಗೆಯ ಪಿಕಪ್, ಕೂರಿಸುವುದನ್ನು ಹೊಸ ಗಿಟಾರುಗಳಲ್ಲಿ ಹತ್ತಾರು ಸಲ ಮಾಡಿದ್ದೆ. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಕಿಡಿ ಹಾರಿಸುವುದೂ ಇದೇ ಗುಣ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ ತೋರಿಸಿಕೊಟ್ಟರು. ತಂತಿ ಕಂಪಿಸುವಾಗ ಸ್ಯಾಡಲ್ ಕೆಳಗಿನ ಪಟ್ಟಿಯನ್ನು ಒತ್ತಿ ಬಿಡುತ್ತದೆ. ಆ ಒತ್ತಡವೇ ಸ್ಪೀಕರಿನಲ್ಲಿ ಸ್ವರವಾಗುತ್ತದೆ.

ತಂತಿ ಬಿಚ್ಚಿದೆ. ಸ್ಯಾಡಲ್ ಕೂರುವ ಸೀಳಿನ, ಅಂದರೆ ಗಾಡಿಯ, ಒಂದು ತುದಿಯಲ್ಲಿ 3 ಮಿಲಿಮೀಟರಿನ ತೂತು ಕೊರೆದೆ. ಪಟ್ಟಿಯ ದಪ್ಪದಷ್ಟು ಸ್ಯಾಡಲಿನ ಅಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆದೆ. ವಯರು ಚುಚ್ಚುವ ಜ್ಯಾಕಿಗಾಗಿ, ಗಿಟಾರಿನ ಬುಡದಲ್ಲಿ ಬೆಲ್ಟು ಸಿಕ್ಕಿಸುವ ಬಾಲದ ಗುಬ್ಬಿಯ ಜಾಗದ ತೂತನ್ನು 12 ಮಿಲಿಮೀಟರಿಗೆ ದೊಡ್ಡದು ಮಾಡಿದೆ. ಈ ಒಂದು ಕೆಲಸ ಮಾತ್ರ ಸರಿಯಾಗಿ ನಡೆದಿತ್ತು. ಇಂಥ ಕಡೆ ಡ್ರಿಲ್ ಹಾಕಿದರೆ ಅದು ಹಳೆಯ ತೂತಿನ ಅಂಚನ್ನು ಕಚ್ಚಿ ಪಾಲಿಷನ್ನು ಎಬ್ಬಿಸುತ್ತದೆ. ಸುತ್ತಲೂ ಟೇಪು ಅಂಟಿಸಿ, ತೂತು ಅಗಲಿಸುವ ಮೊನಚು ರೀಮರನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತ ಬರಬೇಕು.

ಸಂಜೆ ಆಂಪ್ಲಿಫೈಯರಿಗೆ ಜೋಡಿಸಿದೆ. ನಡುವಿನ ನಾಲ್ಕು ತಂತಿಗಳು ಗಟ್ಟಿಯಾಗಿ ನುಡಿದವು. ಒಂದನೆಯದು ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು, ಆರನೆಯದು ಅದಕ್ಕಿಂತ ಸ್ವಲ್ಪ ವಾಸಿ. ಹಾಡಿನ ರಾಗವನ್ನು ಎತ್ತಿಕೊಡುವುದೇ ಒಂದನೆಯ ತಂತಿ. ಪಟ್ಟಿಯೇ ಸರಿಯಿಲ್ಲ ಎಂದುಕೊಂಡು ಮರುದಿನ ಮಂಗಳೂರಿನಿಂದ ಇನ್ನೊಂದು ತರಿಸಿದೆ. ಅದೂ ಹಾಗೆಯೇ. ಸ್ಯಾಡಲನ್ನು ಇನ್ನಷ್ಟು ಉಜ್ಜಿದೆ. ತಂತಿ ಕೆಳಗಿಳಿದು ಕತ್ತಿನ ಮೇಲಿನ ಲೋಹದ ಅಡ್ಡಗೆರೆಗೆ, ಅಂದರೆ ಫ್ರೆಟ್ಟಿಗೆ, ಬಡಿಯತೊಡಗಿತು.

ಮಾಸ್ತರರು ಬಂದು ಕೇಳಿ ನೋಡಿದರು. ಬೈಯಲಿಲ್ಲ. “ಇದರ ಹೊಟ್ಟೆಯೊಳಗೆ ಒಮ್ಮೆ ನೋಡಿದ್ದೀರಾ?” ಎಂದು ಮಾತ್ರ ಕೇಳಿದರು. ನಾನು ನೋಡಿರಲಿಲ್ಲ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ ಎಂಬುದು ಇಂದಿಗೂ ಮನಸ್ಸಿನಲ್ಲಿ ಇರಿಯುತ್ತದೆ.

ಅಂದು ರಾತ್ರಿ ಅಂಗಡಿಯ ಬಾಗಿಲು ಹಾಕಿ ಕುಳಿತೆ. ಸ್ಯಾಡಲನ್ನು ಹೊತ್ತಿರುವ ಮರದ ಬ್ರಿಡ್ಜಿನ ಹಿಂದೆ, ಗಿಟಾರಿನ ಮುಂಭಾಗದ ಹಲಗೆಯ ಮೇಲೆ ಉಕ್ಕಿನ ಅಡಿಕೋಲನ್ನು ಅಡ್ಡ ಇಟ್ಟು ಆಚೆಯಿಂದ ಟಾರ್ಚು ಬಿಟ್ಟೆ. ಕೋಲಿನ ಎರಡೂ ತುದಿಗಳ ಕೆಳಗಿನಿಂದ ಬೆಳಕು ತೂರಿ ಬಂತು, ನಡುವೆ ಮಾತ್ರ ಕತ್ತಲೆ. ಅಷ್ಟು ವರ್ಷ ಆರು ತಂತಿಗಳು ಎಳೆದೆಳೆದು ಹಲಗೆಯ ಹೊಟ್ಟೆ ಉಬ್ಬಿತ್ತು. ಅದರ ಜೊತೆ ಬ್ರಿಡ್ಜೂ, ಅದರೊಳಗಿನ ಗಾಡಿಯ ತಳವೂ ಬಾಗಿದ್ದವು. ಬಿಲ್ಲು ಪುಸ್ತಕದ ಕಾರ್ಬನ್ ಕಾಗದದ ಸಣ್ಣ ತುಂಡನ್ನು ಮಸಿಯ ಮುಖ ಮೇಲಾಗಿ ಗಾಡಿಯಲ್ಲಿ ಹಾಸಿ, ಸ್ಯಾಡಲನ್ನು ಒತ್ತಿ ತೆಗೆದೆ. ಬಿಳಿ ಸ್ಯಾಡಲಿನ ಅಡಿಯಲ್ಲಿ ನೀಲಿ ಮಸಿ ಹತ್ತಿದ್ದು ನಡುವೆ ಮಾತ್ರ. ಎರಡೂ ತುದಿಗಳು ಹಾಲಿನಷ್ಟು ಬಿಳಿ. ತುದಿಯ ತಂತಿಗಳ ಭಾರ ಪಟ್ಟಿಯನ್ನು ಮುಟ್ಟುತ್ತಲೇ ಇರಲಿಲ್ಲ. ಅದು ಪಟ್ಟಿಯ ತಪ್ಪಾಗಿರಲಿಲ್ಲ.

ಆಮೇಲೆ ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ಹಲಗೆಯ ಉದ್ದಕ್ಕೂ ತಟ್ಟುತ್ತ ಹೋದೆ. ಒಂದು ಕಡೆ ಸದ್ದು ಒಡೆದಂತಾಯಿತು. ಮೊಬೈಲಿನಲ್ಲಿ ವಿಡಿಯೋ ಹಾಕಿ, ದೀಪ ಹೊತ್ತಿಸಿ, ತಂತಿಗಳಿಲ್ಲದ ಗಿಟಾರಿನ ದುಂಡು ಬಾಯಿಯೊಳಗೆ ಇಳಿಸಿ ತೆಗೆದೆ. ಹಲಗೆಗೆ ಬಲ ಕೊಡುವ ಒಳಗಿನ ಮರದ ಪಟ್ಟಿಗಳಲ್ಲಿ ಒಂದರ ತುದಿ ಅಂಟು ಬಿಟ್ಟು ಎದ್ದಿತ್ತು. ಮೂರು ತಿಂಗಳ ಮಳೆಗಾಲವನ್ನು ಪ್ರತಿ ವರ್ಷ ಕುಡಿಯುವ ನಮ್ಮೂರಿನ ಗಿಟಾರುಗಳಲ್ಲಿ ಇದು ಸಾಮಾನ್ಯ. ಬರಿಗಿವಿಗೆ ಕೇಳಿಸದ ಇಂಥ ಸಣ್ಣ ಕಟಕಟವನ್ನು ಪಿಕಪ್ ಎತ್ತಿ ಸ್ಪೀಕರಿಗೆ ಕೊಡುತ್ತದೆ.

ಮರುದಿನ ಮಾಸ್ತರರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೋಡದೆ ಕೊರೆದದ್ದು ನನ್ನ ತಪ್ಪು, ಮಳೆ ಮುಗಿಯುವವರೆಗೆ ಗಿಟಾರು ನನ್ನಲ್ಲಿರಲಿ ಎಂದೆ. ಆಟಿಯಲ್ಲಿ ಮರ ನೀರು ಹೀರಿ ಊದಿರುತ್ತದೆ, ಹಲಗೆಯ ಜೊತೆ ತಂತಿಯೂ ಮೇಲೆದ್ದಿರುತ್ತದೆ. ಆಗಿನ ಅಳತೆಗೆ ಸ್ಯಾಡಲ್ ಕಡಿದರೆ ಜನವರಿಯಲ್ಲಿ ಹಲಗೆ ಇಳಿದಾಗ ತಂತಿ ಫ್ರೆಟ್ಟಿಗೆ ತಾಗುತ್ತದೆ. ಅಷ್ಟು ದಿನಕ್ಕೆ ಅಂಗಡಿಯ ಒಂದು ಗಿಟಾರನ್ನು ಅವರಿಗೆ ಕೊಟ್ಟೆ.

ನವೆಂಬರ್ ಕೊನೆಗೆ ಕೆಲಸ ಹಿಡಿದೆ. ಒಳಗೆ ಎದ್ದಿದ್ದ ಮರದ ಪಟ್ಟಿಯನ್ನು ಅಂಟಿಸಿ ಒಂದು ದಿನ ಒತ್ತಿ ಇಟ್ಟೆ. ನಾನು ಕೊರೆದ ತೂತಿಗೆ ಬೀಟೆಯ ಸಣ್ಣ ಕಡ್ಡಿ ಕೆತ್ತಿ ತುಂಬಿದೆ. ಗಾಡಿಯ ತಳವನ್ನು ಸಮ ಮಾಡಿ ಪಿಯೆಜೊ ಪಟ್ಟಿಯನ್ನೇ ಮತ್ತೆ ಕೂರಿಸಬಹುದಿತ್ತು. ಆದರೆ ಅದಕ್ಕೆ ಬ್ರಿಡ್ಜಿನಿಂದ ಇನ್ನಷ್ಟು ಮರ ತೆಗೆಯಬೇಕು, ಆ ಬ್ರಿಡ್ಜಿನಲ್ಲಿ ಕೊಡಲು ಹೆಚ್ಚು ಮರ ಉಳಿದಿರಲಿಲ್ಲ. ಹಾಗಾಗಿ ಮೂಳೆಯ ಹೊಸ ಸ್ಯಾಡಲನ್ನು ಗಾಡಿಯ ತಳದ ಬಾಗಿಗೆ ಹೊಂದುವಂತೆ ಉಜ್ಜಿ ಕೂರಿಸಿ, ಪಿಕಪ್ಪನ್ನು ಒಳಗೆ ಕೊಂಡೊಯ್ದೆ: ನಾಣ್ಯದಂಥ ಮೂರು ಪಿಯೆಜೊ ಬಿಲ್ಲೆಗಳನ್ನು ಬ್ರಿಡ್ಜಿನ ನೇರ ಕೆಳಗಿರುವ ಮರದ ತಟ್ಟೆಗೆ ಅಂಟಿಸಿದೆ. ಒಂದು ಮತ್ತು ಎರಡನೆಯ ತಂತಿಗಳ ನಡುವೆ ಒಂದು, ಮೂರು ಮತ್ತು ನಾಲ್ಕರ ನಡುವೆ ಒಂದು, ಐದು ಮತ್ತು ಆರರ ನಡುವೆ ಒಂದು. ಮೊದಲು ಎರಡು ಬದಿಯ ಟೇಪಿನಲ್ಲಿ ಹಚ್ಚಿ, ನುಡಿಸಿ ಕೇಳಿ, ಜಾಗ ಒಪ್ಪಿಗೆಯಾದ ಮೇಲೆಯೇ ಗಟ್ಟಿ ಅಂಟು. ಗಿಟಾರಿನ ಬಾಯಿ ಸುಮಾರು 10 ಸೆಂಟಿಮೀಟರು. ಕೈ ಹೋದರೆ ಕಣ್ಣಿಗೆ ಜಾಗವಿಲ್ಲ. ಬೆರಳೇ ಕಣ್ಣಾಗಬೇಕು. ಜ್ಯಾಕನ್ನು ಒಳಗಿನಿಂದ ಬಾಲದ ತೂತಿಗೆ ತರಲು ಹೊರಗಿನಿಂದ ಒಂದು ತೆಳು ಕಡ್ಡಿ ತೂರಿಸಿ, ಬಾಯಿಯ ಬಳಿ ಅದರ ತುದಿಗೆ ಜ್ಯಾಕ್ ಸಿಕ್ಕಿಸಿ ಎಳೆದುಕೊಳ್ಳುವುದು ಸುಲಭ.

ಇಷ್ಟಾದರೂ ಇಗರ್ಜಿಯ ಮಿಕ್ಸರಿಗೆ ನೇರವಾಗಿ ಚುಚ್ಚಿದಾಗ ನಾದ ತಗಡಿನಂತೆ ತೆಳುವಾಗಿತ್ತು. ಈ ಸಲ ನನಗೆ ಕಾರಣ ಗೊತ್ತಿತ್ತು. ಪಿಯೆಜೊ ಕೊಡುವ ಶಕ್ತಿ ಬಹಳ ಸಣ್ಣದು. ಅದು 10 ಲಕ್ಷ ಓಮ್ ಅಥವಾ ಹೆಚ್ಚಿನ ಪ್ರತಿರೋಧದ ಬಾಗಿಲನ್ನು (ಇನ್‌ಪುಟ್) ಬಯಸುತ್ತದೆ, ಮಿಕ್ಸರಿನ ಲೈನ್ ಬಾಗಿಲು ಸಾಮಾನ್ಯವಾಗಿ 10 ಸಾವಿರ ಓಮಿನ ಆಸುಪಾಸು. ಅಲ್ಲಿ ಮಂದ್ರ ಸ್ವರಗಳೆಲ್ಲ ಸೋರಿಹೋಗುತ್ತವೆ. ನಡುವೆ ಅಂಥ ದೊಡ್ಡ ಪ್ರತಿರೋಧದ ಬಾಗಿಲಿರುವ ಸಣ್ಣ ಡಬ್ಬಿ, ಒಂದು ಪ್ರಿಆಂಪ್, ಇಟ್ಟ ಕೂಡಲೇ ಗಿಟಾರಿಗೆ ಎದೆ ಬಂತು. ಎಷ್ಟೋ ಜನ ಪಿಕಪ್ ಚೆನ್ನಾಗಿಲ್ಲ ಎಂದು ಎಸೆಯುವುದು ಈ ಒಂದು ಕಾರಣಕ್ಕೆ.

ಬಿಲ್ಲೆಗಳಿಗೂ ಮಿತಿಯಿದೆ. ಡ್ರಮ್ಮು ಇರುವ ದೊಡ್ಡ ವೇದಿಕೆಯಲ್ಲಿ ಅವು ಕೂಗಲು ಶುರುಮಾಡುತ್ತವೆ. ಅಲ್ಲಿಗೆ ಬಾಯಿಗೆ ಅಡ್ಡಲಾಗಿ ಸಿಕ್ಕಿಸುವ ಅಯಸ್ಕಾಂತದ ಪಿಕಪ್ ವಾಸಿ. ಅದಕ್ಕೆ ಉಕ್ಕಿನ ತಂತಿ ಇರಲೇಬೇಕು, ನೈಲಾನಿಗೆ ಅದು ಕಿವುಡು. ಆದರೆ ಒಂದು ತೂತೂ ಬೇಡ, ಬೇಡವಾದ ದಿನ ತೆಗೆದಿಡಬಹುದು. ಇನ್ನು ಪಕ್ಕೆಯನ್ನು ಚೌಕಾಕಾರಕ್ಕೆ ಕೊಯ್ದು ಕೂರಿಸುವ, ನಾದ ತಿದ್ದುವ ಗುಂಡಿಗಳ ಡಬ್ಬಿಯನ್ನು ಹಳೆಯ ಗಿಟಾರಿಗೆ ನಾನು ಹಾಕುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಣ ಹೆಚ್ಚು ಕೊಡುತ್ತೇನೆಂದರೂ ಇಲ್ಲ ಎನ್ನುತ್ತೇನೆ.

ಈಗ ಹಳೆಯ ಗಿಟಾರು ಬಂದರೆ ಎರಡು ದಿನ ಇಟ್ಟುಕೊಳ್ಳುತ್ತೇನೆ. ಮೊದಲ ದಿನ ಅಡಿಕೋಲು, ಟಾರ್ಚು, ಮೊಬೈಲು, ಕಾರ್ಬನ್ ಕಾಗದ ಇಷ್ಟೇ; ಡ್ರಿಲ್ ಪೆಟ್ಟಿಗೆಯಲ್ಲೇ ಇರುತ್ತದೆ. ಒಳಗಿನ ವಿಡಿಯೋವನ್ನು ಗಿಟಾರಿನವರಿಗೆ ತೋರಿಸುತ್ತೇನೆ. ಎಲ್ಲಿ ನುಡಿಸುತ್ತೀರಿ, ಯಾವುದಕ್ಕೆ ಜೋಡಿಸುತ್ತೀರಿ ಎಂದು ಕೇಳಿಕೊಂಡ ಮೇಲೆಯೇ ಯಾವ ಪಿಕಪ್ ಎಂಬ ಮಾತು.

ಮಾಸ್ತರರಿಂದ ಬಿಲ್ಲೆ ಮತ್ತು ಪ್ರಿಆಂಪಿನ ಹಣ ಮಾತ್ರ ತೆಗೆದುಕೊಂಡೆ. ಕ್ರಿಸ್ಮಸ್ ಮುನ್ನಾದಿನದ ರಾತ್ರಿ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಗಾಯನ ತಂಡ ಏಳುವ ಮೊದಲು ಅವರು ರಾಗ ಎತ್ತಿಕೊಟ್ಟರು, ಒಂದನೆಯ ತಂತಿಯಲ್ಲಿ.