ಹಿನ್ನೀರಿನಾಗ ನಮ್ಮ ಪಾಂಟೂನ್ ಬೋಟಿಗೆ ಸ್ಪೀಡ್ ಬಂದಿದ್ದು ಹೆಂಗ

ಬೋಟ್ ಸ್ಲೋ ಐತಿ ಅಂದ್ರ ಸಾಕು, ಎಲ್ಲಾರೂ ಹೇಳೋದು ಒಂದ ಮಾತು, ಇಂಜಿನ್ ದೊಡ್ಡದು ಹಾಕ್ರಿ ಅಂತ. ನಮ್ಮ ಅಣ್ಣಗೂ ಹಂಗ ಹೇಳಿ ಹೇಳಿ ತಲಿ ತುಂಬಿದ್ರು, 50 ಎಚ್‌ಪಿ ತಗದು 90 ಕುಂದ್ರಿಸಿದ್ರ ಹಾರ್ತೈತಿ ನೋಡು ಅಂತ. ನಾನು ಬ್ಯಾಡ ಅಂದೆ. 90ರ ಔಟ್‌ಬೋರ್ಡ್, ಅಂದ್ರ ಬೋಟಿನ ಹಿಂದ ಹೊರಗ ತೂಗಹಾಕೋ ಇಂಜಿನ್, ಅದಕ್ಕ ಕಾರಿನ ರೊಕ್ಕ ಬೇಕು. ಅದಕ್ಕಿಂತ ಮುಖ್ಯ, ಬೋಟಿಗೆ ಎಷ್ಟು ಎಚ್‌ಪಿ ತನಕ ಹಾಕಬಹುದು ಅಂತ ಕಂಪನಿಯವರು ಪ್ಲೇಟ್ ಮ್ಯಾಲೆ ಬರದಿರ್ತಾರ, ನಮ್ಮದು 60ಕ್ಕ ಮುಗೀತು. ಮತ್ತ ನೀರಿನ ಲೆಕ್ಕನ ಬ್ಯಾರೆ ಐತಿ, ಸ್ಪೀಡ್ ಎರಡು ಪಟ್ಟು ಆದ್ರ ನೀರು ಹಿಂದಕ್ಕ ಎಳೆಯೋದು ಹೆಚ್ಚುಕಮ್ಮಿ ನಾಕು ಪಟ್ಟು ಆಗ್ತೈತಿ, ಅದನ್ನ ದೂಡಾಕ ಪವರ್ ಎಂಟು ಪಟ್ಟು ಬೇಕು. ಹಂಗಾದ್ರ ಮೊದ್ಲು ಬೋಟನ್ನ ಯಾವುದು ಹಿಡಕೊಂಡೈತಿ ಅಂತ ನೋಡಬೇಕಲ್ಲ, ಆಮ್ಯಾಲೆ ಇಂಜಿನ್ ಮಾತು.

ಅಣ್ಣ ಮುನಿರಾಬಾದ್ ಕಡೆ ತುಂಗಭದ್ರಾ ಹಿನ್ನೀರಿನಾಗ ಕೇಜ್ ಹಾಕಿ ಮೀನು ಸಾಕ್ತಾನ. ಫೀಡ್ ಚೀಲ ಒಯ್ಯಾಕ, ಮೀನು ತರಾಕ ಸೆಕೆಂಡ್ ಹ್ಯಾಂಡ್ ಪಾಂಟೂನ್ ತಗೊಂಡಿದ್ದ, ಎರಡು ಉದ್ದನ ಅಲ್ಯೂಮಿನಿಯಂ ಟ್ಯೂಬ್, ಅದ್ರ ಮ್ಯಾಲೆ ಅಡ್ಡಪಟ್ಟಿ, ಅದ್ರ ಮ್ಯಾಲೆ ಹಲಗಿ. ಲೋಡ್ ಹೊರಾಕ ಇದಕ್ಕಿಂತ ಚಲೋ ಬೋಟ್ ಇಲ್ಲ, ಅಲುಗಾಡಂಗಿಲ್ಲ. ಆದ್ರ ಇಲ್ಲಿ ಸ್ಪೀಡ್ ಅನ್ನೋದು ಶೋಕಿ ಅಲ್ರಿ. ಡ್ಯಾಂ ತುಂಬಿದಾಗ ನೀರು 378 ಚದರ ಕಿಲೋಮೀಟರ್ ಹರಡ್ತೈತಿ, ಹೂವಿನಹಡಗಲಿ ಕಡಿಯಿಂದ ನೈಋತ್ಯದ ಗಾಳಿ ಬಿಟ್ತು ಅಂದ್ರ ಅಡ್ಡ ಇಲ್ಲದ ನೀರಿನ ಮ್ಯಾಲೆ ಓಡಿ ಓಡಿ ನಮ್ಮ ಕಡೆ ಬರೋದ್ರಾಗ ತೆರಿ ಎದ್ದಿರ್ತಾವ. ಆಷಾಢದಾಗ ಬಿಸಿಲೇರಿದ ಮ್ಯಾಲೆ ನೀರಿನಾಗ ಇರೋದು ಬ್ಯಾಡ. ಬೆಳಿಗ್ಗೆ ಗಾಳಿ ಏಳೋದ್ರಾಗ ಹೋಗಿ ಬರಬೇಕು, ಅದಕ್ಕ ಸ್ಪೀಡ್ ಬೇಕು. ನಮ್ಮ ಬೋಟ್ ಫುಲ್ ಥ್ರಾಟಲ್ ಕೊಟ್ರೂ ತಾಸಿಗೆ 22 ಕಿಲೋಮೀಟರ್ ದಾಟ್ತಿರ್ಲಿಲ್ಲ, ಇಂಜಿನ್ 4700 ಆರ್‌ಪಿಎಂ, ಅಂದ್ರ ಮಿನಿಟಿಗೆ 4700 ಸುತ್ತಿನ ಮ್ಯಾಲೆ ಏರ್ತಿರ್ಲಿಲ್ಲ, ಅದ್ರ ಬುಕ್‌ನ್ಯಾಗ 5000ದಿಂದ 6000 ಬರಬೇಕು ಅಂತ ಐತಿ.

ಬೇಸಿಗಿ ಮುಂದ ನೀರು ಇಳಿದಾಗ ಟ್ರ್ಯಾಕ್ಟರ್ ಹಚ್ಚಿ ದಂಡಿಗೆ ಎಳೆದು ದಿಮ್ಮಿ ಮ್ಯಾಲೆ ಏರಿಸಿದ್ವಿ. ಅಲ್ಲೇ ಬಲೆ ತಿದ್ದಿಕೋತ ಕುಂತಿದ್ದ ಒಬ್ಬ ವಯಸ್ಸಾದ ಮೀನುಗಾರ, ಜೀವಮಾನ ಹರಿಗೋಲ್ ಹಾಕಿದವರು, ಅವರು ಬೋಟ್ ದಂಡಿಗೆ ಬರೋದು ನೋಡೇ ಹೇಳಿದ್ರು, "ತಮ್ಮಾ, ನಿಂದು ಎಡಗಡಿದು ನೀರು ಕುಡದೈತಿ". ಖರೇನ. ಎಡ ಟ್ಯೂಬಿನ ಹಿಂದಿನ ಪ್ಲಗ್ ಬಿಚ್ಚಿದ್ವಿ, ಬೆಳ್ಳನ ಸಣ್ಣ ಧಾರಿ ಶುರು ಆತು, ಚಹಾ ಕುಡದು ಬಂದ್ವಿ, ಇನ್ನೂ ಹರೀತಿತ್ತು, ಬಕೆಟ್ ಇಟ್ವಿ, ತುಂಬಿ ತುಂಬಿ ಚೆಲ್ಲಿದ್ವಿ. ಒಂದು ಲೀಟರ್ ನೀರು ಅಂದ್ರ ಒಂದು ಕೆಜಿ, ಅಷ್ಟೂ ತೂಕ ದಿನಾ ಪೆಟ್ರೋಲ್ ಸುಟ್ಟು ತಿರುಗಿಸ್ತಿದ್ವಿ. ಎಲ್ಲಿಂದ ಒಳಗ ಹೊಕ್ಕತಿ ಅಂತ ನೋಡಾಕ ಪ್ಲಗ್ಗಿನ ತೂತಿಗೆ ಸೈಕಲ್ ಪಂಪ್ ಹಚ್ಚಿ ಮೆಲ್ಲಕ ಗಾಳಿ ತುಂಬಿದ್ವಿ. ಎರಡ್ಮೂರು ಪಿಎಸ್‌ಐ ಸಾಕು, ಕಂಪ್ರೆಸರ್ ಹಚ್ಚಾಕ ಹೋಗಬ್ಯಾಡ್ರಿ, ತೆಳುವ ಟ್ಯೂಬ್ ಅದು, ಉಬ್ಬಿ ವೆಲ್ಡ್ ಬಿಟ್ರ ಎಲ್ಲಾ ಹೋತು. ವೆಲ್ಡಿನ ಉದ್ದಕ್ಕ ಸೋಪಿನ ನೀರು ಬಳಿದು ಕಣ್ಣು ಹಚ್ಚಿ ನೋಡ್ಕೋತ ಹೋದ್ವಿ. ಬ್ರಾಕೆಟ್ ಕೆಳಗ, ಕೂದಲ ಎಳೆಯಷ್ಟು ಬಿರುಕು, ಅಲ್ಲಿಂದ ಸಾಸಿವಿ ಕಾಳಿನಷ್ಟು ಗುಳ್ಳಿ ಒಂದರ ಹಿಂದ ಒಂದು ಎದ್ದು ಗೊಂಚಲ ಆಗಾಕ ಹತ್ತಿದ್ವು. ಅಣ್ಣ ಅಲ್ಲೇ ಸುಣ್ಣದ ಗೆರಿ ಹಾಕಿದ. ಗಿಣಿಗೇರಿ ಕಡೆ ಕಬ್ಬಿಣ ವೆಲ್ಡಿಂಗ್ ಮಾಡೋರು ಬೇಕಾದಷ್ಟು ಮಂದಿ ಅದಾರ, ಆದ್ರ ಅಲ್ಯೂಮಿನಿಯಂಗೆ ಆರ್ಗಾನ್ ಗ್ಯಾಸಿನ ಟಿಗ್ ವೆಲ್ಡಿಂಗ ಬೇಕು, ಅದಕ್ಕ ಹೊಸಪೇಟೆಯಿಂದ ಒಬ್ಬರನ್ನ ಕರಸಿದ್ವಿ.

ಅವರು ಬರೋ ತನಕ ಟ್ಯೂಬ್ ತಿಕ್ಕಿದ್ವಿ. ಹಾವಸಿ ಒಣಗಿ ಮರಳಿನ ಕಾಗದದಂಗ ಆಗಿತ್ತು, ಅದು ನೀರನ್ನ ಹಿಡಿತೈತಿ. ಸಿಟ್ರಿಕ್ ಆಸಿಡ್ ಪುಡಿ ನೀರಿಗೆ ಹಾಕಿ, ತೆಂಗಿನ ನಾರಿನ್ಯಾಗ ತಿಕ್ಕಿ ತೊಳೆದ್ವಿ. ಉಕ್ಕಿನ ಜುಂಗು ಬ್ಯಾಡ, ಅಲ್ಯೂಮಿನಿಯಂ ಗೀಚಿ ಹೋಗ್ತೈತಿ.

ಇನ್ನೊಂದು ವಿಷಯ ಬಾಳ ಮಂದಿ ನೋಡಂಗ ಇಲ್ಲ. ಬೋಟ್ ಓಡುವಾಗ ಮುಂದ ಬೋರ್ಲ ಮಲಗಿ ಹಲಗಿ ಕೆಳಗ ನೋಡ್ರಿ, ಎರಡು ಟ್ಯೂಬಿನ ನಡುವ ಎದ್ದ ನೀರು ಒಂದೊಂದು ಅಡ್ಡಪಟ್ಟಿಗೂ ಪಟಪಟ ಬಡೀತಿರ್ತೈತಿ, ಪ್ರತಿ ಬಡಿತಕ್ಕೂ ಬೋಟಿಗೆ ಬ್ರೇಕ್ ಹಾಕಿದಂಗ. ಅದಕ್ಕ ಅಡ್ಡಪಟ್ಟಿ ಕೆಳಗ ತೆಳುವ ಅಲ್ಯೂಮಿನಿಯಂ ಶೀಟ್ ರಿವೆಟ್ ಹೊಡೆದು ಮುಚ್ಚಿಬಿಟ್ವಿ, ನೀರು ಜಾರಿ ಹಿಂದಕ್ಕ ಹೋಗ್ಲಿ ಅಂತ. ಕೆಳಗ ಮಲಗಿ ರಿವೆಟ್ ಹೊಡೆಯೋದು ಕುತ್ತಿಗಿ ಮುರಿಯೋ ಕೆಲಸ, ಅದು ಮರುದಿನಕ್ಕೂ ಹೋತು. ನನ್ನ ಕೇಳಿದ್ರ ತೆರಿ ಏಳೋ ನೀರಿನಾಗ ರೊಕ್ಕ ಹಾಕೋದಾದ್ರ ಮೊದ್ಲು ಇದಕ್ಕ ಹಾಕ್ರಿ.

ಆಮ್ಯಾಲೆ ಪ್ರೊಪೆಲರ್. ಇದ್ದಿದ್ದು 13 ಪಿಚ್, ಅಂದ್ರ ಒಂದು ಸುತ್ತಿಗೆ ಲೆಕ್ಕದಾಗ 13 ಇಂಚು ಮುಂದ ಹೋಗಬೇಕು. ಹಗೂರ ಬೋಟಿಗೆ ಅದು ಚಲೋ, ಫೀಡ್ ಹೊರೋ ಬೋಟಿಗೆ ಇಂಜಿನ್ ಉಸಿರು ಕಟ್ಟಿದಂಗ ಆಗ್ತೈತಿ. ಪಿಚ್ ಒಂದು ಇಂಚು ಇಳಿಸಿದ್ರ 150ರಿಂದ 200 ಆರ್‌ಪಿಎಂ ಏರ್ತೈತಿ, ಅದಕ್ಕ 11 ಪಿಚ್ಚಿನ ನಾಕು ಎಲಿ ಪ್ರೊಪೆಲರ್ ಹಾಕಿದ್ವಿ. ಇಂಜಿನ್ನೂ ಒಂದು ತೂತು ಮ್ಯಾಲೆ ಏರಿಸಿದ್ವಿ, ಮುಕ್ಕಾಲು ಇಂಚು, ಯಾಕಂದ್ರ ಅದು ನೀರಿನಾಗ ಬಾಳ ಆಳ ಇಳಿದು ತಾನೇ ಎಳೀತಿತ್ತು. ಇದಕ್ಕಿಂತ ಏರಿಸಿದ್ರ ತಿರುವಿನಾಗ ಪ್ರೊಪೆಲರ್ ಗಾಳಿ ಎಳಕೊಂಡು ಇಂಜಿನ್ ಸುಮ್ಮನ ಚೀರ್ತೈತಿ, ಬೋಟ್ ಮುಂದ ಹೋಗಂಗಿಲ್ಲ. ಮುಂದ ಪೇರಿಸ್ತಿದ್ದ ಚೀಲಾನೂ ನಡುವಿಗೆ ತಂದ್ವಿ, ಮೂಗು ನೀರಾಗ ಊರೋದು ನಿಂತಿತು.

ಗಾಳಿ ಇಲ್ಲದ ಮುಂಜಾನೆ ನೀರಿಗೆ ಬಿಟ್ವಿ. ಫೋನಿನ ಜಿಪಿಎಸ್ ಇಟ್ಟು ಹೋಗ್ತಾ ಒಮ್ಮೆ, ಅದೇ ಗೆರಿ ಹಿಡದು ಬರ್ತಾ ಒಮ್ಮೆ ನೋಡಿದ್ವಿ, ಒಂದ ಕಡೆ ನೋಡಿದ್ರ ಗಾಳಿ ಮೋಸ ಮಾಡ್ತೈತಿ. ಟ್ರಿಮ್ ಬಟನ್ ಒತ್ತಿ ಇಂಜಿನ್ ಸ್ವಲ್ಪ ಸ್ವಲ್ಪ ಮ್ಯಾಲೆ ಎತ್ತಿದ್ವಿ, ಸ್ಪೀಡ್ ಏರ್ಕೋತ ಹೋತು, ಸದ್ದು ಬದ್ಲಿ ಆದ ಕೂಡ್ಲೇ ಒಂದು ಚೂರು ಇಳಿಸಿದ್ವಿ. 5400 ಆರ್‌ಪಿಎಂ, 28 ಕಿಲೋಮೀಟರ್, ಅದ ಇಂಜಿನ್‌ನಾಗ. ಅಣ್ಣ ಮಾತಾಡ್ಲಿಲ್ಲ, ಸ್ಟೇರಿಂಗ್ ಹಿಡಕೊಂಡು ನಕ್ಕ. ನನಗ ಅವತ್ತು ಆದ ಖುಷಿ ಹೇಳಾಕ ಬರಂಗಿಲ್ಲ.

ಈಗ ಟ್ಯೂಬಿನ ಉದ್ದಕ್ಕ ಸ್ಟ್ರೇಕ್ ಅನ್ನೋ ಪಟ್ಟಿ ಹಚ್ಚಿಸ್ರಿ, ಮೂರನೇ ಟ್ಯೂಬ್ ಹಾಕಿಸ್ರಿ ಅಂತ ಹೇಳೋರು ಅದಾರ. ಅವು ಬೋಟನ್ನ ನೀರಿನ ಮ್ಯಾಲಕ್ಕ ಎತ್ತಾಕ ಇರೋವು, ಎತ್ತಬೇಕಂದ್ರ ಎಚ್‌ಪಿ ಬೇಕು, 50ರ ಇಂಜಿನ್ ಲೋಡ್ ಹೊತ್ಕೊಂಡು ಅಷ್ಟು ಮಾಡಂಗಿಲ್ಲ. ಆ ರೊಕ್ಕದಾಗ ಅದ ಅಳತಿದು ಇನ್ನೊಂದು ಅಲ್ಯೂಮಿನಿಯಂ ಪ್ರೊಪೆಲರ್ ತಂದು ಸ್ಪೇರ್ ಇಟ್ಟೀವಿ. ಸ್ಟೀಲಿಂದು ಚೂರು ಸ್ಪೀಡ್ ಜಾಸ್ತಿ ಕೊಡ್ತಿತ್ತು, ಆದ್ರ ನೀರು ಇಳಿದಾಗ ಮುಳುಗಿದ ಊರಿನ ಗ್ವಾಡಿ ಕಲ್ಲು, ಗಿಡದ ಬೊಡ್ಡಿ ಎಲ್ಲಿ ಅದಾವ ಅಂತ ಗೊತ್ತಾಗಂಗಿಲ್ಲ, ಬಡದ್ರ ಅಲ್ಯೂಮಿನಿಯಂ ಎಲಿ ತಾನು ಬಾಗಿ ಗೇರ್ ಉಳಿಸ್ತೈತಿ.